ಐತವಾರದ ಬೀಗತಿ

ಮೂರು ವಾರದ ಹಿಂದೆ, ನನ್ನದೇ ಮನೆಯಲ್ಲಿ, ನಮ್ಮ ಮಾಳಿಗೆ ಕೋಣೆಯಲ್ಲಿ ಬಾಡಿಗೆಗಿರುವ ಹುಡುಗಿ ನನ್ನನ್ನು ಗೋಡೆಗೆ ನೂಕಿದಳು.

ಮೆಲ್ಲಗೇನಲ್ಲ. ಭುಜ ಕೊಟ್ಟು, ಎತ್ತು ಗುಮ್ಮಿದ ಹಾಗೆ. ಎಡ ಮೊಣಕೈ ಇನ್ನೂ ನೋಯುತ್ತದೆ. ಕೈ ಎತ್ತಿ ಜಡೆ ಹಾಕಿಕೊಳ್ಳುವಾಗ ಚುಳ್ ಅನ್ನುತ್ತದೆ. ಹಾಗೆ ಅಂದಾಗಲೆಲ್ಲ ನನಗೆ ನಮ್ಮನೆಯವರ ಬಲಗೈ ಕಣ್ಣ ಮುಂದೆ ಬರುತ್ತದೆ. ಕೂಲರಿನ ಕಬ್ಬಿಣದ ಜಾಳಿಗೆ ಅಂಟಿಕೊಂಡು, ಬಿಡಲಾಗದೆ ನಡುಗುತ್ತಿದ್ದ ಕೈ.

ಮೊದಲಿನಿಂದ ಹೇಳುತ್ತೇನೆ. ಹೇಳಿದರೆ ನನಗೂ ಸ್ವಲ್ಪ ಹಗುರ.

ಮೇ ತಿಂಗಳ ಕಲಬುರಗಿ ನಿಮಗೆ ಗೊತ್ತಲ್ಲ? ಇಲ್ಲಿ ಬೇಸಿಗೆಯಲ್ಲಿ ಮನೆಯ ಯಜಮಾನ ಅಂದರೆ ಕೂಲರ್. ಕಿಟಕಿ ಪಕ್ಕದ ಜಾಗ ಅದಕ್ಕೆ. ಜಾಳಿಯೊಳಗೆ ತುಂಬುವ ಹೊಸ ಹುಲ್ಲು ಅದಕ್ಕೆ. ದಿನಕ್ಕೆ ಮೂರು ಸಲ ನೀರು ಅದಕ್ಕೆ. (ನಾವು ಕೂಡ ಅಷ್ಟು ಹೊತ್ತಿಗೆ ಸರಿಯಾಗಿ ಕುಡಿಯುವುದಿಲ್ಲ.) ನೀರು ತುಂಬುವಾಗ ಸ್ವಿಚ್ ಬಂದ್ ಮಾಡಬೇಕು ಅಂತ ಈ ಊರಿನ ಎಲ್ಲರಿಗೂ ಗೊತ್ತು. ಯಾರೂ ಮಾಡುವುದಿಲ್ಲ. ಯಾಕೆ? ಆ ಎರಡು ನಿಮಿಷದ ಧಗೆ ತಡೆಯಲಾಗುವುದಿಲ್ಲ, ಅಷ್ಟೇ.

"ಬಂದ್ ಮಾಡಿದ್ರ ಮತ್ತ ತಣ್ಣಗಾಗ್ಲಿಕ್ಕ ಅರ್ಧ ತಾಸು ಬೇಕು," ಅನ್ನುವುದು ನಮ್ಮನೆಯವರ ವಾದ. ಇಪ್ಪತ್ತು ವರ್ಷದಿಂದ ಇದೇ ವಾದ. ಆ ದಿನವೂ ಅದನ್ನೇ ಹೇಳಿದರು. ಮಧ್ಯಾಹ್ನ ಎರಡು ಗಂಟೆ. ಬರಿಗಾಲು, ಒದ್ದೆ ಬನಿಯನ್ನು. ಎಡಗೈಯಲ್ಲಿ ಬಚ್ಚಲಿನಿಂದ ಎಳೆದ ಪೈಪು, ಆಸರೆಗೆ ಬಲಗೈ ಕೂಲರಿನ ಮೇಲೆ.

ನಾನು ಒಳಗೆ ಪಾತ್ರೆ ತೊಳೆಯುತ್ತಿದ್ದೆ. ಒಂದು ಸದ್ದು ಕೇಳಿಸಿತು. ಕೂಗಲ್ಲ. ಗಂಟಲಿನಲ್ಲೇ ಸಿಕ್ಕಿಕೊಂಡ ಮುಲುಕು. ಹೊರಗೆ ಬಂದು ನೋಡಿದರೆ ಇವರು ನಿಂತೇ ಇದ್ದಾರೆ, ಆದರೆ ನಿಂತವರ ಹಾಗಿಲ್ಲ. ಹಲ್ಲು ಕಚ್ಚಿದೆ. ಕಣ್ಣು ನನ್ನ ಕಡೆಗಿದೆ, ನನ್ನನ್ನು ನೋಡುತ್ತಿಲ್ಲ. ಪೈಪು ಕೆಳಗೆ ಬಿದ್ದು ನಡುಮನೆ ತುಂಬ ನೀರು ಹರಿಯುತ್ತಿದೆ.

ನಾನು ಬಿ.ಎಸ್ಸಿ. ಓದಿದವಳು. ಫಿಸಿಕ್ಸ್ ನನ್ನ ಮೆಚ್ಚಿನ ವಿಷಯ. ವಿದ್ಯುತ್ತು ಯಾವುದರಲ್ಲಿ ಹರಿಯುತ್ತದೆ ಅಂತ ಪುಟಗಟ್ಟಲೆ ಬರೆದು ಅಂಕ ತೆಗೆದವಳು. ಅಂಥ ನಾನು ಏನು ಮಾಡಿದೆ ಹೇಳಿ? ಒದ್ದೆ ಕೈ ಚಾಚಿಕೊಂಡು, ನೀರಿನ ಮೇಲೆ ಬರಿಗಾಲಲ್ಲಿ, ಅವರನ್ನು ಹಿಡಿಯಲು ಓಡಿದೆ.

ಇನ್ನೊಂದೇ ಹೆಜ್ಜೆ ಇತ್ತು. ಆಗ ಬಂದು ಬಿತ್ತು ಆ ಭುಜ.

"ಮುಟ್ಟಬ್ಯಾಡ್ರಿ ಕಾಕು!"

ನಾನು ಗೋಡೆಗೆ ಬಡಿದು ಕುಸಿದೆ. ಮಾಳಿಗೆಯ ಮೆಟ್ಟಿಲು ಇಳಿದು ಬರುತ್ತಿದ್ದ ಸುವರ್ಣಾ ನನ್ನನ್ನು ನೂಕಿ ಹಾಗೇ ತಿರುಗಿದಳು. ನೀರನ್ನು ಆದಷ್ಟು ತಪ್ಪಿಸಿ, ಗೋಡೆಯಂಚಿಗೆ ಸರಿದು ಮೆಟ್ಟಿಲ ಕೆಳಗೆ ನುಗ್ಗಿದಳು. ಜೋಳದ ಚೀಲ ಎಳೆದು ಒಗೆದಳು. ಹಳೆ ಟ್ರಂಕನ್ನು ಕಾಲಿಂದ ಸರಿಸಿದಳು. ಅದರ ಹಿಂದೆ, ಕತ್ತಲಲ್ಲಿ, ನಮ್ಮ ಮನೆಯ ಮೇನ್ ಸ್ವಿಚ್ಚಿನ ಕಬ್ಬಿಣದ ಹಿಡಿ. ಖಟ್.

ಫ್ಯಾನು ನಿಂತಿತು. ಕೂಲರ್ ನಿಂತಿತು. ನಮ್ಮನೆಯವರು ಚೀಲದ ಹಾಗೆ ಕೆಳಗೆ ಬಿದ್ದರು.

ಆಮೇಲಿನದ್ದು ನನಗೆ ತುಂಡು ತುಂಡಾಗಿ ನೆನಪಿದೆ. ಆಕೆ ಅವರ ಮೂಗಿನ ಹತ್ತಿರ ಕೈ ಇಟ್ಟಿದ್ದು. "ಉಸಿರದ್ರಿ ಕಾಕು, ಉಸಿರದ" ಅಂದಿದ್ದು. ಅವರನ್ನು ಒಂದು ಮಗ್ಗುಲಿಗೆ ಹೊರಳಿಸಿದ್ದು. ನಾನು 108ಕ್ಕೆ ಫೋನ್ ಮಾಡಿ, ಅತ್ತಲಿನವರು ವಿಳಾಸ ಕೇಳಿದರೆ "ನಮ್ಮ ಮನಿ, ನಮ್ಮ ಮನಿ" ಅಂತ ಒದರಿದ್ದು. ಆಕೆ ಫೋನು ಕಿತ್ತುಕೊಂಡು "ಶಹಾಬಜಾರ್ರಿ, ಕಿರಾಣಿ ಅಂಗಡಿ ಎದುರಿನ ಸಂದಿ, ಹಸರು ಬಾಗಲದ ಮನಿ, ಗಾಡಿ ಒಳಗ ಬರಂಗಿಲ್ಲ, ನಾ ರೋಡಿಗೆ ಬಂದು ನಿಂದರ್ತೀನಿ" ಅಂದಿದ್ದು.

ಆಸ್ಪತ್ರೆಗೆ ನಾವಿಬ್ಬರೇ ಹೋದೆವು. "ಮನಿ ನಾ ನೋಡ್ಕೋತೀನಿ, ನೀವ್ ನಡೀರಿ" ಅಂದಳು.

ಇವರು ಉಳಿದರು. ಇಸಿಜಿ ಸರಿ ಬಂತು. ಅಂಗೈ ಸುಟ್ಟಿತ್ತು. ಒಂದು ದಿನ ಇಟ್ಟುಕೊಂಡು ಕಳಿಸಿದರು. ಎಲೆಕ್ಟ್ರಿಷಿಯನ್ ಬಂದು ಕೂಲರಿನ ಪ್ಲಗ್ ನೋಡಿ ನಮ್ಮನ್ನು ನೋಡಿದ. ಮೂರು ಕಡ್ಡಿಯಲ್ಲಿ ಒಂದು ಇರಲಿಲ್ಲ. ಹಳೆಯ ಸಾಕೆಟ್ಟಿಗೆ ಹೊಂದಲಿಲ್ಲ ಅಂತ ಅರ್ಥಿಂಗ್ ಕಡ್ಡಿಯನ್ನು ಮುರಿದಿದ್ದವರು ಯಾರು? ಸುಟ್ಟ ಅಂಗೈಯವರೇ.

ಈಗ ನಿಮಗೊಂದು ಪ್ರಶ್ನೆ. ನಿಮ್ಮ ಮನೆಯ ಮೇನ್ ಸ್ವಿಚ್ ಎಲ್ಲಿದೆ? ಯೋಚಿಸಬೇಡಿ, ಹೇಳಿ. ಯೋಚಿಸುವಷ್ಟು ಹೊತ್ತು ಅಲ್ಲಿ ಇರುವುದಿಲ್ಲ.

ಇಪ್ಪತ್ತು ವರ್ಷ ಅದೇ ಮನೆಯಲ್ಲಿರುವ ನನಗೆ ಆ ಕ್ಷಣಕ್ಕೆ ಹೊಳೆಯಲಿಲ್ಲ. ಏಳು ತಿಂಗಳ ಹಿಂದೆ ಬಂದವಳಿಗೆ ಗೊತ್ತಿತ್ತು. ಹೇಗೆ ಗೊತ್ತಿತ್ತು? ಕೋಣೆ ನೋಡಲು ಬಂದ ದಿನವೇ ಕೇಳಿಕೊಂಡಿದ್ದಳು.

ಅದೂ ಒಂದು ಕತೆ. ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಒಬ್ಬಳೇ ಬಂದಿದ್ದಳು. ಸಣ್ಣ ಮೈ, ಎಣ್ಣೆ ಹಚ್ಚಿದ ಜಡೆ, ಹತ್ತೊಂಬತ್ತು ವರ್ಷ. ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಓದುತ್ತೇನೆ ಅಂದಳು. ಎಲ್ಲರೂ ಕೇಳುವುದನ್ನು ಕೇಳಲಿಲ್ಲ. ನೀರು ಎಷ್ಟು ಹೊತ್ತಿಗೆ ಬರುತ್ತದೆ ಅಂತಲೂ ಇಲ್ಲ. ನಾಲ್ಕೇ ಪ್ರಶ್ನೆ.

"ಮೇನ್ ಸ್ವಿಚ್ ಎಲ್ಲದರಿ?"

"ನೀರಿನ ವಾಲ್ವ್ ಎಲ್ಲದ?"

"ಮುಂದಿನ ಬಾಗಲಾ ಬಂದಾದ್ರ ಹೊರಗ ಹೋಗ್ಲಿಕ್ಕ ಇನ್ಯಾವ ಕಡಿ ಹಾದಿ ಅದರಿ?"

ನಮ್ಮನೆಯವರು ನಕ್ಕರು. "ಏನವಾ, ಇನ್ಸ್‌ಪೆಕ್ಷನ್ನಿಗೆ ಬಂದೀಯೇನು?"

"ಹಂಗಲ್ಲರಿ ಕಾಕಾ," ಅಂತ ಆಕೆಯೂ ನಕ್ಕಳು. ಆದರೂ ಮೆಟ್ಟಿಲ ಕೆಳಗೆ ಬಗ್ಗಿ ಸ್ವಿಚ್ಚನ್ನು ಕೈಯಿಂದ ಮುಟ್ಟಿ ನೋಡಿದಳು. ಆಮೇಲೆ ಎದ್ದು, ನನ್ನ ಮುಖ ನೋಡಿ, ನಾಲ್ಕನೆಯದನ್ನು ಕೇಳಿದಳು: "ನನಗ ಏನರ ಆದ್ರ ಯಾರ ಬಾಗಲಾ ಬಡೀಲಿರಿ?"

"ಅಂಥಾದ್ದೇನೂ ಆಗಂಗಿಲ್ಲ ಬಿಡು, ದೇವರಿದ್ದಾನ," ಅಂದೆ ನಾನು.

ಆಕೆ ತಲೆಯಾಡಿಸಿದಳು. ಅಪ್ಪ ಅಮ್ಮನ ಆಧಾರ್ ಕಾರ್ಡು ಕೇಳಿದೆ. "ಇಲ್ರಿ. ಕಮಲಾಪುರದಾಗ ಚಿಗವ್ವ ಅದಾಳ, ಆಕೀದು ಕೊಡ್ತೀನಿ" ಅಂದಳು. ಚಿಕ್ಕಮ್ಮ ಇರಬೇಕು ಅಂದುಕೊಂಡೆ. ಅದಕ್ಕಿಂತ ಹೆಚ್ಚು ಅಂದುಕೊಳ್ಳುವ ತಾಪತ್ರಯ ತೆಗೆದುಕೊಳ್ಳಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಕೇಳಿದೆ. ಇದನ್ನೆಲ್ಲ ಯಾರು ಕಲಿಸಿದರು ನಿನಗೆ?

"ಚಿಗವ್ವರಿ," ಅಂದಳು. "ಖರೇ ಚಿಗವ್ವ ಅಲ್ಲರಿ. ಸಾಕಿದಾಕಿ." ಅಷ್ಟು ಹೇಳಿ ಮೆಟ್ಟಿಲು ಹತ್ತಿದಳು. ಆ ವಾರವೆಲ್ಲ ಆಕೆ ಮೆಟ್ಟಿಲನ್ನು ನಿಧಾನವಾಗಿ ಹತ್ತುತ್ತಿದ್ದಳು. ನೋಡಿದ್ದೆ. ಬಿಸಿಲಿಗೆ ಸೋತಿದ್ದಾಳೆ ಅಂದುಕೊಂಡಿದ್ದೆ.

ಹೋದ ಐತವಾರ (ನಮ್ಮ ಕಡೆ ಭಾನುವಾರಕ್ಕೆ ಹೀಗೇ ಅನ್ನುವುದು) ನಾವಿಬ್ಬರೂ ಆಧಾರ್ ಕಾರ್ಡಿನಲ್ಲಿದ್ದ ಚಿಗವ್ವನ ಹೆಸರು, ವಿಳಾಸ ಹಿಡಿದು ಕಮಲಾಪುರದ ಬಸ್ ಹತ್ತಿದೆವು. ಇವರ ಅಂಗೈಗೆ ಇನ್ನೂ ಪಟ್ಟಿ. ನನ್ನ ಕೈಯಲ್ಲಿ ಒಂದು ಸೀರೆ, ಒಂದು ಡಬ್ಬಿ ಪೇಡೆ. ಜೀವಕ್ಕೆ ಬದಲು ಏನು ಒಯ್ಯಬೇಕು ಅಂತ ಅಂಗಡಿಯಲ್ಲಿ ತುಂಬಾ ಹೊತ್ತು ನಿಂತಿದ್ದೆ.

ಬಾಗಿಲು ತೆಗೆದವಳು ಹದಿನಾರರ ಇನ್ನೊಬ್ಬ ಹುಡುಗಿ. ಹೆಸರು ಭಾರತಿ.

"ಗುರುಬಾಯಿ ಅವರು ಅದಾರೇನವಾ?"

"ಅದಾಳ್ರಿ. ಆದ್ರ ಇವತ್ತ ಬೀಗತಿ ಆಗ್ಯಾಳ. ಬರ್ರಿ, ಕುಂದರ್ರಿ."

ನಾವು ಮುಖ ಮುಖ ನೋಡಿಕೊಂಡೆವು. ಒಳಗೆ ಕಟ್ಟೆಯ ಮೇಲೆ ಐವತ್ತೈದು ದಾಟಿದ ಒಬ್ಬ ಹೆಂಗಸು ಕಾಲ ಮೇಲೆ ಕಾಲು ಹಾಕಿ, ತಲೆಯ ಮೇಲೆ ಸೆರಗು ಹೊದ್ದು, ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದರು. ಹಿಂದೆ ಹೊಲಿಗೆ ಮಷಿನ್ನಿನ ಮೇಲೆ ಅರ್ಧ ಹೊಲಿದ ರವಿಕೆ. ಒಳಗಿನಿಂದ ಹಾಲು ಒಡೆದ ವಾಸನೆ.

"ನಮ್ಮ ಊರಾಗ ಬೀಗರು ಬಂದ್ರ ಹಾಲ್ ಒಡೆಯಂಗಿಲ್ಲವಾ," ಅಂದರು ಅವರು, ಅಡುಗೆಮನೆಗೆ ಕೇಳುವ ಹಾಗೆ.

"ನಿಮ್ಮ ಊರಾಗ ಬೀಗತೇರು ಹೇಳಿ ಬರ್ತಿರಬೇಕ್ರಿ!" ಒಳಗಿನಿಂದ ಉತ್ತರ ಬಂತು. ಎರಡೇ ನಿಮಿಷದಲ್ಲಿ ಮೂರು ಲೋಟ ಮಜ್ಜಿಗೆಯೂ ಬಂತು. ಹಾಲಿನ ಮಾತೇ ಇಲ್ಲ.

ಗುರುಬಾಯಿ ಒಂದು ಗುಟುಕು ಕುಡಿದು ನಮ್ಮ ಕಡೆ ಕಣ್ಣು ಮಿಟುಕಿಸಿದರು. ಪಾಸು ಅಂತ.

ಆಗ ಅರ್ಥವಾಯಿತು. ನಮ್ಮ ಕಡೆ ಬೀಗತಿ ಅಂದರೆ ಗೊತ್ತಲ್ಲ, ಮಗಳ ಅತ್ತೆಯೋ ಸೊಸೆಯ ತಾಯಿಯೋ. ಆಕೆ ಮನೆಗೆ ಬಂದರೆ ಕಡ್ಡಿ ಎತ್ತುವುದಿಲ್ಲ. ಅಡುಗೆಮನೆ ಹೊಸಲು ದಾಟುವುದಿಲ್ಲ. ಆದರೆ ಹುಳುಕು ಮಾತ್ರ ಬಿಡದೆ ಹುಡುಕುತ್ತಾಳೆ. ಗುರುಬಾಯಿ ಪ್ರತಿ ಐತವಾರ ತಮ್ಮ ಮನೆಯಲ್ಲೇ ತಾವು ಬೀಗತಿಯಾಗುತ್ತಾರೆ! ಬೆಳಗಿನಿಂದ ಸಂಜೆಯವರೆಗೆ ಮನೆ ಹುಡುಗಿಯದು. ಒಲೆ, ನೀರು, ಸಂತೆ, ಬಂದವರು ಹೋದವರು, ಎಲ್ಲ.

"ಸಣ್ಣವರಿದ್ದಾಗ ಕೈ ಹಿಡದು ಕಲಸಬೇಕ್ರಿ," ಅಂದರು. "ಹದಿನಾರಾದ ಮ್ಯಾಲ ಕೈ ಕಟ್ಕೊಂಡು ಕಲಸಬೇಕು. ನನಗ ಕೈ ಕಟ್ಟಾಕ ಬರಂಗಿಲ್ಲ. ಹುಡುಗಿ ರೊಟ್ಟಿ ಸುಡ್ಲಾಕತ್ತಿದ್ರ ಓಡಿ ಹೋಗಿ ತಿರುವಿ ಹಾಕ್ತಿದ್ದೆ. ಅದಕ್ಕ ಬೀಗತಿ ಆಗೀನಿ. ಕೈ ಆಡಸಂಗಿಲ್ಲ, ಬಾಯಿ ಆಡಸಬಹುದು."

ಫಾಸ್ಟರ್ ಕೇರ್ ಅನ್ನುವ ಪದ ನಿಮ್ಮಲ್ಲಿ ಹಲವರು ಕೇಳಿರಬಹುದು. ದತ್ತು ಅಲ್ಲ, ಅನಾಥಾಶ್ರಮವೂ ಅಲ್ಲ. ನೋಡಿಕೊಳ್ಳುವವರಿಲ್ಲದ ಮಗುವನ್ನು ಒಂದು ಮನೆ ಕೆಲವು ವರ್ಷ ಸಾಕುತ್ತದೆ. ಮಗುವಿನ ಹೆಸರು ಬದಲಾಗುವುದಿಲ್ಲ. ಹದಿನೆಂಟು ತುಂಬಿದರೆ ಕಾಗದದ ಮೇಲಿನ ನಂಟು ಮುಗಿಯಿತು. ಗುರುಬಾಯಿಗೆ ಗಂಡ ಇಲ್ಲ, ಮಕ್ಕಳಾಗಲಿಲ್ಲ. ಭಾರತಿ ಅವರು ಸಾಕುತ್ತಿರುವ ಮೂರನೆಯ ಹುಡುಗಿ. ಸುವರ್ಣಾ ಎರಡನೆಯವಳು. ಅವ್ವ ಅನ್ನಿಸಿಕೊಳ್ಳುವುದಿಲ್ಲ ಯಾಕೆ ಅಂತ ಕೇಳಿದೆ.

"ಅವರಿಗೆ ಅವ್ವ ಇದ್ದಳಲ್ಲರಿ. ಆಕೀ ಜಾಗಾ ನಾ ಯಾಕ ತಗೋಳ್ಲಿ? ಚಿಗವ್ವ ಸಾಕು."

ನಮ್ಮನೆಯವರು ಕರೆಂಟಿನ ವಿಷಯ ತೆಗೆದರು. ಕೃತಜ್ಞತೆ ಹೇಳಬೇಕಿತ್ತು, ಪಟ್ಟಿ ಕಟ್ಟಿದ ಅಂಗೈಯನ್ನಷ್ಟೇ ಮುಂದೆ ಚಾಚಿದರು. ಗುರುಬಾಯಿಯೇ ಮಾತು ಎತ್ತಿಕೊಂಡರು.

ಅವರ ಐತವಾರಗಳಲ್ಲಿ ಬರೀ ಅಡುಗೆ ಇರುವುದಿಲ್ಲ. ಯಾವುದೋ ಒಂದು ವಾರ ಹೇಳದೆ ಕೇಳದೆ ನೀರಿನ ವಾಲ್ವ್ ತಿರುಗಿಸಿ ಬಂದು ಕೂರುತ್ತಾರೆ. ಒಂದು ವಾರ ಬೀಗತಿಗೆ ಎದೆನೋವು ಬರುತ್ತದೆ. ಒಂದು ವಾರ ಪರಿಚಯದ ಗಂಡಸೊಬ್ಬರನ್ನು ಬಾಗಿಲಿಗೆ ಕಳಿಸುತ್ತಾರೆ, "ನಿಮ್ಮ ಕಾಕಾ ಕಳಿಸ್ಯಾನ, ಒಳಗ ಬರಲಿ?" ಅಂತ ಕೇಳಲು. ಹುಡುಗಿ ಚಿಲಕ ತೆಗೆದಳೋ, ಫೇಲು. ಇನ್ನೊಂದು ವಾರ ಕಬ್ಬಿಣದ ಮಂಚ ಹಿಡಿದು "ಕರೆಂಟ್ ಹಿಡದದ!" ಅಂತ ಒದರುತ್ತಾರೆ.

"ಮೊದಲ ಸಲ ಸುವರ್ಣಾ ಏನ್ ಮಾಡಿದ್ಳು ಗೊತ್ತೇನ್ರಿ? ಓಡಿ ಬಂದು ನನ್ನ ತೆಕ್ಕಿ ಬಿದ್ದಳು. 'ಸತ್ತಿ ನೋಡು ನೀನೂ' ಅಂದೆ. ಎರಡನೇ ಸಲನೂ ಹಂಗೇ. ಮೂರನೇ ಸಲ ಕೈ ಮುಂದ ಮಾಡಿ ಹಿಂದಕ್ಕ ತಗೊಂಡ್ಳು. ಆದ್ರೂ ಮುಟ್ಟಿದ್ಳು, ಸತ್ತಳು. ನಾಕನೇ ಸಲ ಮೇನಿಗೆ ಓಡಿದ್ಳು." ಗುರುಬಾಯಿ ಇವರ ಪಟ್ಟಿ ಕಟ್ಟಿದ ಅಂಗೈ ನೋಡಿದರು. "ಮೂರು ಸಲ ಸತ್ತಾಳ್ರಿ ಆಕಿ ನಮ್ಮ ಮನ್ಯಾಗ. ಅದಕ್ಕ ನಿಮ್ಮ ಮನ್ಯಾಗ ಯಾರೂ ಸಾಯ್ಲಿಲ್ಲ."

ನನ್ನ ಮಗಳಿಗೆ ಇಪ್ಪತ್ತೊಂದು. ಧಾರವಾಡದಲ್ಲಿ ಹಾಸ್ಟೆಲ್ಲು. ಮೊನ್ನೆ ಥರ್ಮಾಮೀಟರ್ ನೋಡುವುದು ಹೇಗೆ ಅಂತ ವಿಡಿಯೊ ಕಾಲ್ ಮಾಡಿದ್ದಳು. ನಾವು ನಕ್ಕೆವು. ಮುದ್ದು ಅನ್ನಿಸಿತು. ಅವಳು ನಮ್ಮ ಮನೆಯಲ್ಲಿ ಒಂದು ಸಲವೂ ಸತ್ತಿಲ್ಲ. ಸಾಯಬೇಕಾದ ಪ್ರಸಂಗ ಬರಲಿಲ್ಲ, ಪ್ರತಿ ಸಲ ನಾವು ಓಡಿ ಹೋಗಿ ರೊಟ್ಟಿ ತಿರುವಿ ಹಾಕಿದೆವು. ಏನೂ ಗೊತ್ತಿಲ್ಲದೆ ಬೆಳೆಯುವುದು ಎಷ್ಟು ದೊಡ್ಡ ಐಷಾರಾಮ ಅಂತ ಆ ಕಟ್ಟೆಯ ಮೇಲೆ ಕೂತಾಗ ಹೊಳೆಯಿತು.

"ಆ ನಾಕು ಪ್ರಶ್ನೆನೂ ನಿಮ್ಮವೇ ಏನ್ರಿ?" ಅಂತ ಕೇಳಿದೆ.

"ನನ್ನವೇ. ಆಕಿ ಖೋಲಿ ನೋಡ್ಲಾಕ ಬಂದ ದಿನ ನಾನೂ ನಿಮ್ಮ ಓಣ್ಯಾಗ ಇದ್ದೆ. ಎದುರಿಗಿನ ಕಿರಾಣಿ ಅಂಗಡಿ ಕಟ್ಟಿ ಮ್ಯಾಲ ಕುಂತಿದ್ದೆ."

ಹಿಂದೆ ನಿಂತು ಕಳಿಸಿ, ಒಳಗೆ ಮಾತ್ರ ಬರಲಿಲ್ಲ ಈಕೆ. ಮನೆ ನೋಡುವುದು ಹುಡುಗಿಯ ಕೆಲಸ, ಬೀಗತಿಯದಲ್ಲ.

"ಮೊದಲು ಮೂರೇ ಪ್ರಶ್ನೆ ಇದ್ದವ್ರಿ," ಅಂದರು ಗುರುಬಾಯಿ. "ನನ್ನ ಮೊದಲನೇ ಹುಡುಗಿ ಲಕ್ಷ್ಮಿ. ಹದಿನೆಂಟಾದ ಮ್ಯಾಲ ನೌಕರಿಗಂತ ಸಿಟಿಗೆ ಹೋದ್ಳು. ಅಡಗಿ ಬರ್ತಿತ್ತು, ಹೊಲಿಗಿ ಬರ್ತಿತ್ತು, ಬ್ಯಾಂಕಿನ ಫಾರಂ ತಾನೇ ತುಂಬತಿದ್ಳು. ನಾಕು ದಿನ ಜ್ವರದಾಗ ಒಬ್ಬಾಕೀನೇ ಖೋಲ್ಯಾಗ ಬಿದ್ದಿದ್ಳು. ಗ್ವಾಡಿ ಆಚೀಕ ಜನ ಇದ್ರು. ಯಾರನ್ನೂ ಕರೀಲಿಲ್ಲ. ಯಾಕವಾ ಅಂದ್ರ, 'ಯಾರ್ನ ಕರೀಬೇಕು ಗೊತ್ತಾಗ್ಲಿಲ್ಲ ಚಿಗವ್ವಾ' ಅಂದ್ಳು. ಈಗ ಆರಾಮ ಅದಾಳ, ಮದುವಿ ಆಗ್ಯದ. ಆದ್ರ ಆವತ್ತ ನನಗ ಗೊತ್ತಾತು. ಎಲ್ಲಾ ಕಲಿಸಿದ್ದೆ, ಬಾಗಲಾ ಬಡಿಯೋದು ಕಲಿಸಿರಲಿಲ್ಲ. ನಾಕನೇ ಪ್ರಶ್ನಿ ಆಮ್ಯಾಲ ಬಂತು."

ಮಜ್ಜಿಗೆ ಲೋಟ ನನ್ನ ಕೈಯಲ್ಲೇ ಇತ್ತು.

"ಆಕಿ ಆ ನಾಕನೇದು ಕೇಳಿದಾಗ ನೀವ್ ಏನ್ ಹೇಳಿದ್ರಿ?"

ಅವರಿಗೆ ಗೊತ್ತಿತ್ತು. ಆದರೂ ಕೇಳಿದರು.

"ದೇವರಿದ್ದಾನ ಅಂದೆ."

"ದೇವರ ಗುಡಿ ಬಾಗಲಾ ರಾತ್ರಿ ಎಂಟಕ್ಕ ಹಾಕ್ತಾರಲ್ಲರಿ," ಅಂದರು ಗುರುಬಾಯಿ. ದನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆ ಅಡಿಕೆ ಕತ್ತರಿಸುತ್ತ, ಹವಾಮಾನ ಹೇಳಿದಷ್ಟು ಸಹಜವಾಗಿ ಅಂದರು: "ಆಕಿ ಕಾಲಿಗೆ ಆರು ಹೊಲಿಗಿ ಬಿದ್ದಾವ. ಗೊತ್ತದೇನು?"

ಗೊತ್ತಿರಲಿಲ್ಲ.

ಟ್ರಂಕು ಸರಿಸುವಾಗ ಅದರ ತಗಡಿನ ಅಂಚು ಪಾದ ಸೀಳಿತ್ತಂತೆ. ನಾವು ಆಸ್ಪತ್ರೆಗೆ ಹೋದ ಮೇಲೆ ಆಕೆ ನಡುಮನೆಯ ನೀರು ಬಳಿದು, ತನ್ನ ರಕ್ತ ಒರೆಸಿ, ಮನೆಗೆ ಬೀಗ ಹಾಕಿ, ಓಢಣಿ ಸುತ್ತಿದ ಕಾಲಲ್ಲಿ ಒಬ್ಬಳೇ ಆಟೊ ಹಿಡಿದು ಹೋಗಿ ಹೊಲಿಗೆ ಹಾಕಿಸಿಕೊಂಡು, ಟಿಟಿ ಇಂಜೆಕ್ಷನ್ ಮಾಡಿಸಿಕೊಂಡು ಬಂದಿದ್ದಳು. ನಾವು ಮರಳಿದಾಗ ಬೀಗದ ಕೈ ಕೊಟ್ಟು "ಕಾಕಾ ಹ್ಯಾಂಗದಾರ್ರಿ?" ಅಂತ ಕೇಳಿದ್ದಳು. ಮೆಟ್ಟಿಲು ನಿಧಾನವಾಗಿ ಹತ್ತಿದ್ದಳು.

ನನ್ನ ಗಂಡನನ್ನು ಉಳಿಸಿದ ಕಾಲು ನಮ್ಮ ತಲೆಯ ಮೇಲಿನ ಕೋಣೆಯಲ್ಲಿ ಬಾತುಕೊಂಡು ಮಲಗಿತ್ತು. ನಡುವೆ ಹದಿನಾರು ಮೆಟ್ಟಿಲು. ಆಕೆ ನಮ್ಮ ಬಾಗಿಲು ಬಡಿಯಲಿಲ್ಲ. ಯಾಕೆ ಬಡಿಯುತ್ತಾಳೆ? ಬಡಿಯಲೇ ಅಂತ ಕೇಳಿದ್ದಳಲ್ಲ. ಉತ್ತರ ಕೊಡದವಳು ನಾನು.

ಗುರುಬಾಯಿ ಸೀರೆ ತೆಗೆದುಕೊಳ್ಳಲಿಲ್ಲ. ಪೇಡೆ ಮಾತ್ರ ಇಟ್ಟುಕೊಂಡರು, "ಬೀಗತಿ ಖಾಲಿ ಕೈಲೇ ಕಳಸಂಗಿಲ್ಲ" ಅಂತ ಭಾರತಿಯಿಂದ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಕೊಡಿಸಿದರು. ಬಾಗಿಲವರೆಗೆ ಬರಲಿಲ್ಲ. ಬೀಳ್ಕೊಡುವುದೂ ಆ ದಿನ ಹುಡುಗಿಯದೇ ಕೆಲಸ.

ಮನೆಗೆ ಬಂದವಳೇ ಚಪ್ಪಲಿ ಬಿಡದೆ ಮೆಟ್ಟಿಲು ಹತ್ತಿದೆ. ಏಳು ತಿಂಗಳಲ್ಲಿ ಆ ಬಾಗಿಲನ್ನು ನಾನು ಬಡಿದದ್ದು ಅದೇ ಮೊದಲು.

ಸುವರ್ಣಾ ತೆಗೆದಳು. ಪಾದಕ್ಕೆ ಪಟ್ಟಿ. ನೋಡಿಬಿಟ್ಟೆನಲ್ಲ ಅಂತ ಕಾಲು ಹಿಂದೆ ಸರಿಸಿದಳು.

"ನಂದು," ಅಂದೆ. "ನಮ್ಮ ಬಾಗಲಾ. ಆವತ್ತ ಕೇಳಿದ್ಯಲ್ಲ, ಯಾರ ಬಾಗಲಾ ಬಡೀಲಿ ಅಂತ."

"ಎಷ್ಟ್ ಗಂಟೇಕಾದ್ರೂ ಏನ್ರಿ ಕಾಕು?"

"ಎಷ್ಟ್ ಗಂಟೇಕಾದ್ರೂ."

ಬಾಗಿಲ ಹಿಂಭಾಗದಲ್ಲಿ ಒಂದು ಹಾಳೆ ಅಂಟಿಸಿತ್ತು. ಮೇನ್ ಸ್ವಿಚ್, ಮೆಟ್ಟಿಲ ಕೆಳಗೆ, ಚೀಲದ ಹಿಂದೆ. ವಾಲ್ವ್, ಬಚ್ಚಲ ಬಲಕ್ಕೆ. ಹಿಂದಿನ ಹಾದಿ, ಮಾಳಿಗೆಯಿಂದ ಪಕ್ಕದ ಮನೆ. ಮೂರೂ ನೀಲಿ ಶಾಯಿಯಲ್ಲಿ, ದುಂಡಗೆ. ನಾಲ್ಕರ ಎದುರಿಗೆ ಏನೂ ಇರಲಿಲ್ಲ. ಏಳು ತಿಂಗಳಿಂದ.

ಆಕೆ ಮೇಜಿನಿಂದ ಪೆನ್ಸಿಲ್ ತಂದು ನನ್ನ ಹೆಸರು ಬರೆದಳು.

"ಪೆನ್ಸಿಲ್ ಯಾಕ?" ಅಂದೆ. ನಗುತ್ತಲೇ ಕೇಳಿದೆ ಅಂದುಕೊಳ್ಳುತ್ತೇನೆ.

"ಚಿಗವ್ವ ಹೇಳ್ಯಾಳ್ರಿ," ಅಂದಳು ಸುವರ್ಣಾ, ಅಷ್ಟೇ ಮೆತ್ತಗೆ. "ಒಮ್ಮೆ ಬಡದು, ಅವರು ತಗದ ಮ್ಯಾಲ ಪೆನ್ನಿಲೆ ಬರೀಬೇಕಂತ."

ನಾನು ಕಾಯುತ್ತಿದ್ದೇನೆ. ನಿಮ್ಮ ಹೆಸರು ಯಾರ ಬಾಗಿಲ ಹಿಂದೆ, ಪೆನ್ಸಿಲಿನಲ್ಲಾದರೂ, ಇದೆಯೆ?